ನಾಲ್ಕು ಹಲ್ಲಿನ ಪೆಟ್ಟಿಗೆ

ಹಲ್ಲಿನಕ್ಕ ಮಾಡಿದ ಹಲ್ಲು ಯಾವುದು, ಹುಟ್ಟಿನಿಂದ ಬಂದ ಹಲ್ಲು ಯಾವುದು ಎಂದು ಬೇರೆ ಮಾಡಿ ತೋರಿಸುವ ಗಂಡಸು ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ. ಡಾಕ್ಟರು ರೋಗಿಯ ಬಾಯಿಯ ಅಚ್ಚು ಕಳಿಸಿದರೆ, ಇವಳು ಅದನ್ನು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಒಂದೊಂದೇ ಹಲ್ಲು ಬಿಡಿಸಿ, ಮುಂದಿನ ಕೋಣೆಯಲ್ಲೇ ಇದ್ದ ಕೊರೆಯುವ ಯಂತ್ರಕ್ಕೆ ಕೊಡುತ್ತಿದ್ದಳು. ಅವಳು ಬಿಡಿಸಿದ ಕೋರೆಹಲ್ಲಿನ ಚಂದ ಕಂಡು ಹುಲಿಗಳು ನಾಚಿ ಬಾಯಿ ಮುಚ್ಚಿಕೊಂಡದ್ದುಂಟು. ಇಂಥವಳ ಕೈಗೆ ಸಿಕ್ಕಿದ್ದು ಮಾತ್ರ ಜಗತ್ತಿನಲ್ಲೇ ಅತಿ ಹೆಚ್ಚು ಸಲ ಸತ್ತ ಕಂಪ್ಯೂಟರು. ಅದರ ಸಾವುಗಳ ಲೆಕ್ಕ ಬರೆಯಲು ಕೂತ ಯಮನ ಗುಮಾಸ್ತ ಶಾಯಿ ಮುಗಿದು ರಜೆ ಹಾಕಿದ್ದ.

ಅದನ್ನು ಜೋಡಿಸಿಕೊಟ್ಟವನು ಅವಳ ಮೈದುನ. ಊರೆಲ್ಲ ಅವನನ್ನು ಸ್ಪೀಡು ಎಂದೇ ಕರೆಯುತ್ತಿತ್ತು. ಅವನು ವೇಗವಾಗಿ ನಡೆಯುತ್ತಿದ್ದ, ವೇಗವಾಗಿ ಉಣ್ಣುತ್ತಿದ್ದ, ಪ್ರಶ್ನೆ ಮುಗಿಯುವ ಮೊದಲೇ ತಪ್ಪು ಉತ್ತರ ಕೊಡುತ್ತಿದ್ದ. ಕಂಪ್ಯೂಟರಿಗೆ ಗಾಜಿನ ಪಕ್ಕೆ ಹಾಕಿಸಿ, ಒಳಗಿನ ಬಿಡಿಭಾಗಗಳಿಗೆಲ್ಲ ಬಣ್ಣದ ದೀಪ ಹೊತ್ತಿಸಿದ್ದ. ಕೆಲಸ ಮಾಡುವ ಪೆಟ್ಟಿಗೆಗಿಂತ ಅದು ಹೆಚ್ಚಾಗಿ ಸರ್ಕಸ್ಸಿನ ಡೇರೆಯಂತೆ ಕಾಣುತ್ತಿತ್ತು.

ಆ ದಿನ ಬೆಳಿಗ್ಗೆ ಡಾಕ್ಟರ ಫೋನು ಬಂತು.

"ಹರಾಜು ಕೂಗೋರು ಇಲ್ಲೇ ಎದುರಿಗೆ ಕೂತಿದ್ದಾರಮ್ಮ. ನಾಳೆ ದೊಡ್ಡ ಹರಾಜು. ಮೇಲಿನ ಹಲ್ಲಿನ ಸಾಲು ಇಲ್ಲದೆ ಅವರು ಬೆಲೆ ಕೂಗಿದ್ರೆ ಟೈರಿಂದ ಗಾಳಿ ಬಿಟ್ಟ ಹಾಗೆ ಕೇಳ್ತಿದೆ. ಸಂಜೆಯೊಳಗೆ ಹಲ್ಲು ಬರಬೇಕು. ಬರಲಿಲ್ಲವೋ, ಇದನ್ನೂ ಇನ್ನು ಮುಂದಿನದನ್ನೂ ಬೇರೆ ಲ್ಯಾಬಿಗೆ ಕೊಡ್ತೀನಿ. ಬೇಜಾರು ಮಾಡ್ಕೋಬೇಡಿ."

ಅವಳಿಗೆ ಇದ್ದವರು ಆ ಒಬ್ಬರೇ ಡಾಕ್ಟರು. ಅವರು ಕೈಬಿಟ್ಟರೆ ಕೊರೆಯುವ ಯಂತ್ರದ ಮೇಲೆ ಬಟ್ಟೆ ಒಣಹಾಕುವುದೊಂದೇ ದಾರಿ.

ಕೂತು ಶುರುಮಾಡಿದಳು. ಮುಂದಿನ ಹಲ್ಲುಗಳು ಮುಗಿದು ದವಡೆ ಹಲ್ಲಿಗೆ ಬರುವಷ್ಟರಲ್ಲಿ ಪರದೆ ನೀಲಿಯಾಗಿ ಕಂಪ್ಯೂಟರು ಸತ್ತಿತು. ಮತ್ತೆ ಹಚ್ಚಿ ಉಳಿಸಿದ ಫೈಲು ತೆರೆದರೆ ಹರಾಜಿನವರ ಕೋರೆಹಲ್ಲು ಅಂಗುಳಿನ ನಡುವೆ ದೀಪಸ್ತಂಭದಂತೆ ನಿಂತಿತ್ತು. ಅಳಿಸಿ ಮತ್ತೆ ಬಿಡಿಸಿದಳು. ಮತ್ತೆ ನೀಲಿ.

ಕಂಪ್ಯೂಟರು ಮತ್ತೆ ಮತ್ತೆ ಹಚ್ಚುವ ಸದ್ದು ಕೇಳಿಯೇ ಸ್ಪೀಡು ಒಳಗಿನಿಂದ ಹಾರಿ ಬಂದ. ಅವನ ಹಿಂದೆ ಅತ್ತೆ ಬಂದರು. ಕಿರಿಮಗ ಸ್ಕ್ರೂಡ್ರೈವರ್ ಹಿಡಿದರೆ ಸಾಕು, ಅವರು ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು.

"ಅತ್ತಿಗೆ, ತಪ್ಪು ತಿಳೀಬೇಡಿ. ನೀವು ಮೌಸನ್ನು ಒತ್ತೋ ರೀತಿ ಸರಿ ಇಲ್ಲ."

"ನಾನು ಒತ್ತೋದಕ್ಕೂ ಅದು ಸಾಯೋದಕ್ಕೂ ಏನಪ್ಪಾ ಸಂಬಂಧ?"

"ಯಂತ್ರಕ್ಕೂ ಒಂದು ಮನಸ್ಸಿರುತ್ತೆ."

"ಇದ್ರೆ ಅದು ನಿನ್ನ ಮುಖ ನೋಡಿಯೇ ಮುರಿದಿರಬೇಕು."

ಸ್ಪೀಡಿನ ಚಿಕಿತ್ಸೆ ಆರಂಭವಾಯಿತು. ಪ್ಲಗ್ಗನ್ನು ಈ ಗೋಡೆಯಿಂದ ಕಿತ್ತು ಆ ಗೋಡೆಗೆ ಹಾಕಿದ. ಫ್ಯಾನಿನ ಧೂಳನ್ನು ಅವಳು ಹಲ್ಲಿಗೆ ಬಣ್ಣ ಹಚ್ಚುವ ನವಿರಾದ ಕುಂಚದಿಂದ ಒರೆಸಿ, ಕುಂಚವನ್ನು ಕರಡಿಯ ಬಾಲ ಮಾಡಿದ. ಹೋದ ವಾರವಷ್ಟೇ ವಿಂಡೋಸನ್ನು ಬೇರುಸಮೇತ ಕಿತ್ತು ಹೊಸದಾಗಿ ನೆಟ್ಟಿದ್ದ. ಈಗ ಅದೇ ಹಳತಾಯಿತು ಎಂದ. ಸ್ಕ್ಯಾನರು ಕೆಟ್ಟಿದೆ ಎಂದ, ಕರೆಂಟು ಕೆಟ್ಟಿದೆ ಎಂದ, ಕೊನೆಗೆ ಹರಾಜಿನವರ ದವಡೆಯೇ ಯಂತ್ರಕ್ಕೆ ಒಗ್ಗುತ್ತಿಲ್ಲ ಎಂದ.

"ನನ್ನ ಮಗನಿಗೆ ಎಷ್ಟು ಗೊತ್ತು ನೋಡೇ," ಎಂದರು ಅತ್ತೆ, ತಮ್ಮ ಬಾಯಲ್ಲಿದ್ದ, ಸೊಸೆಯೇ ಮಾಡಿಕೊಟ್ಟ ಹಲ್ಲನ್ನು ತೋರಿಸಿ ನಗುತ್ತಾ.

ಹಲ್ಲಿನಕ್ಕ ಕೈಕಟ್ಟಿ ಗೋಡೆಗೊರಗಿ ನಿಂತಳು. ಬರೀ ಒಂದು ಹಲ್ಲು ಮಾಡಿದ ದಿನ ಇದು ಸತ್ತದ್ದೇ ಇಲ್ಲ. ಪೂರಾ ಸಾಲು ಬಿಡಿಸಲು ಹೊರಟಾಗಲೇ, ಅಂದರೆ ಹೊರೆ ಜಾಸ್ತಿಯಾದಾಗಲೇ, ಕುಸಿಯುವುದು. ಉಳಿಸಿದ ಹಲ್ಲು ಬೇರೆ ಕಡೆ ಮೊಳೆಯುವುದೆಂದರೆ ಪೆಟ್ಟಿಗೆಗೆ ಮರೆವು ಹಿಡಿದಿದೆ. ನೀಲಿ ಪರದೆಯ ಕೆಳಗೂ ಮೆಮೊರಿ ಎನ್ನುವ ಮಾತೇ ಇತ್ತು. ಆ ಸಾಲನ್ನು ಫೋನಿನಲ್ಲಿ ಹುಡುಕಿ ಓದಿಕೊಂಡಳು.

"ನಿನ್ನ ಬೀಗದ ಗೊಂಚಲಿನ ಪೆನ್‌ಡ್ರೈವ್ ಕೊಡು. ಮೆಮೊರಿ ಪರೀಕ್ಷೆ ಅದರಲ್ಲಿದೆ ಅಂತ ಹೇಳ್ತಿದ್ದೆಯಲ್ಲ."

ಅದರಲ್ಲಿ ಮೂರು ಲೋಕದ ಪರೀಕ್ಷೆಗಳೂ ಇದ್ದವು. ಸ್ಪೀಡು ಒಂದನ್ನೂ ನಡೆಸಿರಲಿಲ್ಲ; ಒಡವೆ ಹಾಗೆ ನೇತುಹಾಕಿಕೊಂಡು ತಿರುಗುತ್ತಿದ್ದ. ಅವಳು ಚುಚ್ಚಿ ಹಚ್ಚಿದಳು. ಹೊಸ ಹಲ್ಲು ಎಲ್ಲಿ ಎತ್ತರವಾಗಿದೆ ಎಂದು ತಿಳಿಯಲು ರೋಗಿಗೆ ಬಣ್ಣದ ಕಾಗದ ಕಚ್ಚಲು ಕೊಡುತ್ತಾರಲ್ಲ, ತಪ್ಪಿದ ಜಾಗ ಕೂಡಲೇ ಕಲೆಯಾಗುತ್ತದೆ, ಇದೂ ಹಾಗೇ. ಸ್ವಲ್ಪ ಹೊತ್ತಿಗೆ ಪರದೆಯ ತುಂಬ ಕೆಂಪು ಸಾಲುಗಳು ಸುರಿದವು. ಕೋಣೆಯ ಗೋಡೆಗಳೇ ಕೆಂಪಾದವು, ಅತ್ತೆಯ ಕನ್ನಡಕ ಕೆಂಪಾಯಿತು.

"ಇದು ಹಳೇ ಪರೀಕ್ಷೆ ಅತ್ತಿಗೆ," ಎಂದ ಸ್ಪೀಡು. "ಇಂಥ ಫಾಸ್ಟ್ ಮೆಮೊರಿ ಪಟ್ಟಿ, ಇಂಥ ರ‍್ಯಾಮ್ ಅದು ನೋಡೇ ಇಲ್ಲ. ಗಾಬರಿಯಾಗಿದೆ."

"ರ‍್ಯಾಮಿನ ಸ್ಪೀಡನ್ನು ನೀನೇ ಏರಿಸಿದ್ದು ತಾನೆ?"

"ಏರಿಸದೆ? ಡಬ್ಬದ ಮೇಲೆ ಅಚ್ಚು ಹಾಕಿದಾರೆ, ಅಷ್ಟಕ್ಕೇ ಇಟ್ಟಿದ್ದೀನಿ."

"ಆ ಡಬ್ಬದಲ್ಲಿ ಎಷ್ಟಿದ್ವು?"

"ಎರಡು."

"ಈಗ ಒಳಗೆ ನಾಲ್ಕು ಮಿನುಗ್ತಾ ಇವೆ."

"ಇನ್ನೆರಡು ಬೇರೆ ಕಂಪನಿಯವು. ಅವುಗಳ ಡಬ್ಬದ ಮೇಲೂ ಅದೇ ಸ್ಪೀಡು ಬರೆದಿದೆ."

"ಇಬ್ಬರು ಅಳಿಯಂದಿರು ಬೇರೆ ಬೇರೆ ಬಂದಾಗ ಇಬ್ಬರೂ ಚಿನ್ನವೇ ಕಣಯ್ಯಾ. ಒಂದೇ ನೊಗಕ್ಕೆ ಕಟ್ಟಿ ಓಡಿಸೋಕೆ ಹೋದರೆ ಗೊತ್ತಾಗುತ್ತೆ. ಇಳಿಸು ಸ್ಪೀಡು."

ಸ್ಪೀಡು ಎದೆ ಮುಟ್ಟಿಕೊಂಡ. "ಇಳಿಸೋದಾ? ಇಡೀ ಬೀದಿಗೆ ಫೋಟೋ ಕಳಿಸಿದ್ದೀನಿ. ನನ್ನ ಹೆಣ ಬಿದ್ದ ಮೇಲೆ ಇಳಿಸಿ."

ಅವಳು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಹುಳುಕು ಹಲ್ಲನ್ನು ಕಿತ್ತು ತಟ್ಟೆಗೆ ಹಾಕುವ ಮುಂಚೆ ನೋಡುವ ನೋಟ ಅದು. ಹೆಣ ಬೀಳುವವರೆಗೆ ಕಾಯಲು ಸಮಯವಿರಲಿಲ್ಲ. ಕೊರೆಯುವ ಯಂತ್ರಕ್ಕೇ ಮಧ್ಯಾಹ್ನವೆಲ್ಲ ಬೇಕು.

"ಅತ್ತೇ, ಮೇಲಿನ ಟ್ಯಾಂಕಿನ ಮೋಟರು ಏನೋ ಗೊರಗೊರ ಅಂತಿದೆ ಅಂದಿರಲ್ಲ. ಮೆಕ್ಯಾನಿಕ್ಕನ್ನ ಕರೆಸಲಾ?"

"ಮನೇಲಿ ಇಂಥ ಮಗನನ್ನ ಇಟ್ಕೊಂಡು ಮೆಕ್ಯಾನಿಕ್ ಯಾಕೆ?" ಎಂದರು ಅತ್ತೆ. "ಏಳೋ, ನಡಿ."

ಸ್ಪೀಡು ಮೆಟ್ಟಿಲು ಹಾರುತ್ತಾ ಹೋದ. ಅತ್ತೆ ಹಿಂದಿನಿಂದ ಕುರ್ಚಿ ಹೊತ್ತುಕೊಂಡು ಹೋದರು.

ಅವಳು ಕಂಪ್ಯೂಟರು ಆರಿಸಿ, ಹಚ್ಚುವಾಗಲೇ ಕೀಲಿ ಒತ್ತಿ, ಒಳಗಿನ ಸೆಟ್ಟಿಂಗಿನ ಪುಟಕ್ಕೆ ಹೋದಳು. ಮೆಮೊರಿಯ ವೇಗ ಏರಿಸುವ ಸಾಲು ಅಲ್ಲೇ ಇತ್ತು, ಚಾಲೂ ಎಂದು ಹಲ್ಲು ಕಿರಿಯುತ್ತಾ. ಅದನ್ನು ಬಂದ್ ಮಾಡಿದಳು. ಪೆಟ್ಟಿಗೆ ತನ್ನಷ್ಟಕ್ಕೆ ಓಡಬಲ್ಲ ಸಾಧಾರಣ ನಡಿಗೆಗೆ ಇಳಿಯಿತು. ಪರೀಕ್ಷೆಯನ್ನು ಮತ್ತೆ ಹಚ್ಚಿ ಕಾದಳು.

ಕಾಯುವಾಗ ಗಾಜಿನಾಚೆ ಮಿನುಗುವ ನಾಲ್ಕು ಪಟ್ಟಿಗಳನ್ನು ನೋಡುತ್ತಿದ್ದ ಅವಳಿಗೆ ಒಂದು ಮಾತು ನೆನಪಾಯಿತು. ಮೊದಲು ಎರಡೇ ಇದ್ದಾಗ, ನಡುವಿನ ಖಾಲಿ ಜಾಗ ಕಂಡು, ನೆಂಟರ ಮುಂದೆಯೇ ಅಂದಿದ್ದಳು: ಏನಪ್ಪಾ, ನಿನ್ನ ಪೆಟ್ಟಿಗೆಗೆ ಎರಡು ಹಲ್ಲು ಉದುರಿವೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮಾರನೇ ದಿನವೇ ಸ್ಪೀಡು ಓಡಿಹೋಗಿ ಸಿಕ್ಕಿದ ಎರಡನ್ನು ತಂದು ತುರುಕಿದ್ದ. ಹಲ್ಲು ಮಾಡುವ ಮನೆಯಲ್ಲಿ ಖಾಲಿ ಜಾಗ ಕಂಡರೆ ಯಾರಿಗೂ ತಡೆಯುವುದಿಲ್ಲ. ಇದಕ್ಕೆಲ್ಲ ತನ್ನ ಆ ಮಾತೇ ಕಾರಣ ಎಂದು ಅವನಿಗೆ ಹೇಳಬೇಕೆಂದು ಅವಳಿಗೆ ಒಂದು ಕ್ಷಣ ಅನಿಸಿತು. ಮರುಕ್ಷಣವೇ, ಹಾಗಾದ್ರೆ ತಪ್ಪು ನಿಮ್ಮದೇ ಅತ್ತಿಗೆ ಎನ್ನುವ ಅವನ ಉತ್ತರ ಕಿವಿಯಲ್ಲಿ ಕೇಳಿಸಿ, ಆ ಯೋಚನೆಯನ್ನು ಬೇರಿನಿಂದಲೇ ಕಿತ್ತು ಹಾಕಿದಳು.

ಪರೀಕ್ಷೆ ಮುಗಿಯಿತು. ಒಂದೇ ಒಂದು ಕೆಂಪು ಸಾಲಿಲ್ಲ.

ಆಮೇಲೆ ಅವಳು ಬಿಡಿಸಿದ ಸಾಲಿದೆಯಲ್ಲ, ಅದನ್ನು ಕಂಡಿದ್ದರೆ ಮುತ್ತುಗಳು ವಾಪಸು ಚಿಪ್ಪಿನೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದವು. ಮುಂದಿನ ಹಲ್ಲು, ಕೋರೆ, ದವಡೆ, ಎಲ್ಲ ಅದರದರ ಜಾಗದಲ್ಲೇ ನಿಂತವು. ಪರದೆ ರೆಪ್ಪೆ ಕೂಡ ಮಿಟುಕಿಸಲಿಲ್ಲ. ಯಂತ್ರ ಗುಂಯ್ ಎಂದು ಕೊರೆಯತೊಡಗಿತು. ಅದೇ ಹೊತ್ತಿಗೆ ಮೇಲಿನ ಮೆಟ್ಟಿಲಿನಿಂದ ನೀರು ಜಲಪಾತದಂತೆ ಇಳಿಯತೊಡಗಿತು. ಬರೀ ಗೊರಗೊರ ಎನ್ನುತ್ತಿದ್ದ ಮೋಟರನ್ನು ಸ್ಪೀಡು ರಿಪೇರಿ ಮಾಡಿದ್ದ.

ಸಂಜೆ ಹಲ್ಲು ಡಾಕ್ಟರ ಕೈ ಸೇರಿತು. ಕೂಡಲೇ ಫೋನು ಬಂತು. ಡಾಕ್ಟರು ಮಾತಾಡುವ ಮೊದಲೇ ಹಿಂದಿನಿಂದ ಹರಾಜಿನವರ ದನಿ ಗುಡುಗಿತು. ಡಾಕ್ಟರ ಕುರ್ಚಿಯನ್ನೇ ಹರಾಜಿಗೆ ಹಾಕುತ್ತಿದ್ದರು. ಫೋನಿನಿಂದ ಹೊರಬಿದ್ದ ಆ ದನಿ ಕೇಳಿ ಹಲ್ಲಿನಕ್ಕನ ಎದುರು ಮನೆಯವನು ಕಿಟಕಿಯಲ್ಲಿ ಬೆಲೆ ಕೂಗಿದ.

"ಮುಂದಿನ ವಾರದ ಅಚ್ಚುಗಳನ್ನೂ ನಿಮಗೇ ಕಳಿಸ್ತೀನಿ," ಎಂದರು ಡಾಕ್ಟರು.

ಅಡಿಯಿಂದ ಮುಡಿಯವರೆಗೆ ತೊಯ್ದ ಸ್ಪೀಡು ಬಾಗಿಲಲ್ಲಿ ನಿಂತು ಕಂಪ್ಯೂಟರನ್ನು ನೋಡಿದ. ಅದು ಜೀವಂತವಾಗಿ ಓಡುತ್ತಿತ್ತು.

"ನೋಡಿದ್ರಾ ಅತ್ತಿಗೆ. ಫ್ಯಾನ್ ಒರೆಸಿದ್ದೇ ಒರೆಸಿದ್ದು. ಈಗ ಮೊದಲಿಗಿಂತ ಎರಡು ಪಟ್ಟು ಫಾಸ್ಟಾಗಿಲ್ವಾ?"

"ನಾಲ್ಕು ಪಟ್ಟು ಕಣಪ್ಪಾ."

"ನಾನು ಹೇಳಲಿಲ್ವಾ," ಎಂದು ಅತ್ತೆ ಮಗನ ತಲೆ ಒರೆಸುತ್ತಾ ಒಳಗೆ ಕರೆದುಕೊಂಡು ಹೋದರು.

ಹಲ್ಲಿನಕ್ಕ ಬಾಗಿಲು ಮುಂದೆ ಮಾಡಿ ಮತ್ತೆ ಆ ಸೆಟ್ಟಿಂಗಿನ ಪುಟ ತೆರೆದಳು. ನಾಳೆ ಇವನು ಬಂದು ಮತ್ತೆ ಏರಿಸುವುದು ಖಂಡಿತ. ಪುಟಕ್ಕೊಂದು ಪಾಸ್‌ವರ್ಡ್ ಹಾಕಿದಳು. ಹೆಚ್ಚು ಯೋಚಿಸಬೇಕಾಗಲಿಲ್ಲ. ನಿಧಾನ ಎಂದು ಟೈಪು ಮಾಡಿದಳು. ಇನ್ನು ಏಳು ಜನ್ಮ ಎತ್ತಿ ಬಂದರೂ ಸ್ಪೀಡಿಗೆ ಹೊಳೆಯುವ ಪದವಲ್ಲ ಅದು.