ಡೆಲ್ಸಿ ಬಾಯಿಯ ಒಂದು ವಾಕ್ಯ

ಭಾನುವಾರದ ಬಲಿಪೂಜೆ ಮುಗಿಸಿ ಚರ್ಚಿನ ಮೆಟ್ಟಿಲಿಳಿಯುತ್ತಿದ್ದಾಗ ಆಂಥೋನಿಗೆ ಹಾಸನದ ಆಸ್ಪತ್ರೆಯಿಂದ ಫೋನು ಬಂತು. ತಂಗಿ ಡೆಲ್ಸಿ ಬೆಳಿಗ್ಗೆ ಆರೂವರೆಗೆ ತೀರಿಕೊಂಡಿದ್ದಳು. ಆತ ಮತ್ತೆ ಒಳಗೆ ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತ. ಜಪಮಾಲೆ ಕೈಯಲ್ಲಿತ್ತು, ಮಣಿ ಮಾತ್ರ ಮುಂದೆ ಸರಿಯಲಿಲ್ಲ.

ಎಪ್ಪತ್ತನಾಲ್ಕರ ಆಂಥೋನಿ ಬಾಳ್ಳುಪೇಟೆಯ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತನಾದವನು. ಊರವರು ಗೌರವದಿಂದ ಬಾಯಿ, ಬಾಯಮ್ಮ ಎನ್ನುತ್ತಿದ್ದ ಡೆಲ್ಸಿ ಸಕಲೇಶಪುರದ ಕಾಲೇಜಿನಲ್ಲಿ ಮೂವತ್ತು ವರ್ಷ ಕಂಪ್ಯೂಟರ್ ಪಾಠ ಹೇಳಿದವಳು. ಜಿಲ್ಲೆಯ ಗಣಕ ವೃತ್ತಿಪರರ ಸಂಘದ ಐವರ ಸಮಿತಿಯಲ್ಲಿ ಒಬ್ಬಳು. ತಾವಾಗಿ ನಡೆಯುವ ಯಂತ್ರಗಳ ಬಗ್ಗೆ ನಿಯಮ ಮಾಡುವ ಮೊದಲು ಸರ್ಕಾರ ಕರಡನ್ನು ಈ ಸಂಘಕ್ಕೆ ಕಳುಹಿಸಿ ಅಭಿಪ್ರಾಯ ಕೇಳುತ್ತಿತ್ತು. ಈ ಸಲ ಬಂದದ್ದು ಆನೆ ಗೇಟಿನ ಕರಡು. ಕಾಡಾನೆಯ ಕೊರಳಿಗೆ ಕಟ್ಟಿದ ರೇಡಿಯೋ ಪಟ್ಟಿ ರಸ್ತೆಯಿಂದ ಒಂದು ಮೈಲಿಯೊಳಗೆ ಬಂದರೆ ಗೇಟು ತಾನಾಗಿ ಮುಚ್ಚಬೇಕು. ಪಟ್ಟಿ ದೂರ ಹೋದರೆ ತಾನಾಗಿ ತೆರೆಯಬೇಕು. ಡೆಲ್ಸಿ ಅದಕ್ಕೆ ಒಂದು ವಾಕ್ಯ ಸೇರಿಸಿದ್ದಳು: "ಯಂತ್ರ ಏನೇ ಹೇಳಿದರೂ ಸ್ಥಳದ ಕಾವಲುಗಾರ ಕಣ್ಣಾರೆ ನೋಡಿ ಹೇಳಿದರೆ ಗೇಟು ತೆರೆಯಬೇಕು." ಮನುಷ್ಯರ ಕಣ್ಣನ್ನು ನಂಬಲಾಗದೆಂದು ಉಳಿದ ನಾಲ್ವರು ಅದನ್ನು ಹೊಡೆದುಹಾಕಿ, ಪ್ರಯೋಗದ ಗೇಟನ್ನು ಕಾವಲುಗಾರ ಮುಟ್ಟಬಾರದೆಂದು ಬರೆದುಕೊಟ್ಟಿದ್ದರು.

ಶನಿವಾರ ಆಸ್ಪತ್ರೆಯ ಮಂಚದ ಮೇಲೆ ಅವಳು ಅಣ್ಣನ ಕೈ ಹಿಡಿದುಕೊಂಡಿದ್ದಳು. "ಸೋಮವಾರ ಐದು ಗಂಟೆಗೆ ಗಡುವು ಮುಗಿಯುತ್ತೆ ಅಣ್ಣಾ. ಆ ವಾಕ್ಯ ಹೋಗೋ ಹಾಗೆ ಮಾಡು. ನಾಳೆ ಯಾರದೋ ಆಂಬುಲೆನ್ಸ್ ಆ ಗೇಟಲ್ಲಿ ನಿಂತೀತು."

ಆಂಥೋನಿ ಮಾತು ಕೊಟ್ಟಿದ್ದ. ಗಣಕದ ವಿಷಯ ಅವನಿಗೆ ಏನೂ ತಿಳಿಯದು. ಆದರೆ ಮಾತು ಕೊಟ್ಟಾಗಿತ್ತು.

ಸೋಮವಾರ ಮೂರು ಗಂಟೆಗೆ ಶವದ ವ್ಯಾನು ಮನೆಯಿಂದ ಚರ್ಚಿಗೆ ಹೊರಟಿತು. ಹಿಂದೆ ಸಮಿತಿಯ ನಾಲ್ವರು ಎರಡು ಕಾರುಗಳಲ್ಲಿ ಬಂದರು. ಚರ್ಚಿಗೆ ಇನ್ನು ಎರಡು ಫರ್ಲಾಂಗಿದೆ ಎನ್ನುವಾಗ ವ್ಯಾನು ನಿಂತಿತು. ಪ್ರಯೋಗಕ್ಕೆಂದು ಆ ಮಧ್ಯಾಹ್ನವಷ್ಟೇ ಚಾಲೂ ಮಾಡಿದ್ದ ಆನೆ ಗೇಟು ರಸ್ತೆಗೆ ಅಡ್ಡ ಬಿದ್ದಿತ್ತು. ಪಕ್ಕದಲ್ಲಿ ಕಾವಲುಗಾರ ಗುಂಡಯ್ಯ ಹೊಸ ಟೋಪಿ ಹಾಕಿಕೊಂಡು ಕುಳಿತಿದ್ದ.

"ತೆಗಿಯೋ ಮಾರಾಯ," ಎಂದ ಆಂಥೋನಿ.

"ನನ್ ಕೈಲೇನೈತೆ ರೈಟ್ರೇ? ಆನೆ ಐತಂತೆ."

"ನೀನು ನೋಡ್ದೇನು?"

"ಇಲ್ಲ. ಮಿಷಿನ್ ನೋಡೈತೆ."

ಸಮಿತಿಯಲ್ಲಿ ಎಲ್ಲರಿಗಿಂತ ಕಿರಿಯಳಾದ ನಿಖತ್ ಮೊಬೈಲು ತೆಗೆದು ಆನೆ ಎಲ್ಲಿದೆಯೆಂದು ನೋಡಿದಳು. ಅವಳ ಮುಖ ಒಂದು ಥರವಾಯಿತು. "ಅಂಕಲ್, ಆನೆ ಶುಕ್ರವಾರದಿಂದ ಚರ್ಚಿನ ಒಳಗೇ ಇದೆ."

"ನಿನ್ನೆ ನಾನು ಪೂಜೆಗೆ ಹೋಗಿದ್ನಲ್ಲಮ್ಮ. ಮುಗಿದ್ಮೇಲೂ ಒಳಗೆ ಕೂತಿದ್ದೆ, ಬೆಂಚೆಲ್ಲ ಖಾಲಿ ಇತ್ತು."

"ಅದಕ್ಕೂ ಭಕ್ತಿ ಬಂದಿರ್ಬೋದು ಬುಡಿ," ಎಂದ ಗುಂಡಯ್ಯ.

ಸಮಿತಿಯ ಅಧ್ಯಕ್ಷ ಶ್ರೀನಾಥ್ ಕಾರಿನಿಂದಿಳಿದು, ಯಂತ್ರ ನೂರಕ್ಕೆ ತೊಂಬತ್ತೆಂಟು ಸಲ ಸರಿಯಾಗಿಯೇ ಹೇಳುತ್ತದೆಂದು ವಿವರಿಸತೊಡಗಿದ. ಅಷ್ಟರಲ್ಲಿ ಚರ್ಚಿನ ಕಸ ಗುಡಿಸುವ ಈರಮ್ಮ ಗೇಟಿನಡಿ ನುಸುಳಿ ಬಂದಳು.

"ಫಾದರ್ ಕಾಯ್ತಾವ್ರೆ, ಬಾಯಮ್ಮನ್ನ ಇಲ್ಯಾಕೆ ನಿಲ್ಲಿಸ್ಕಂಡಿದ್ದೀರಿ?"

"ಚರ್ಚಲ್ಲಿ ಆನೆ ಇದೆಯಾ ಈರಮ್ಮ?" ಆಂಥೋನಿ ಕೇಳಿದ. ಕೇಳುವಾಗ ಅವನಿಗೇ ನಾಚಿಕೆಯಾಯಿತು.

"ಆನೆ ಎಲ್ಲಿಂದ ಬತ್ತದೆ? ಆನೆ ಪಟ್ಟಿ ಐತೆ. ಶುಕ್ರವಾರ ಸೌದೆಗೆ ಹೋದಾಗ ತೋಟದಲ್ಲಿ ಕಳಚ್ಕಂಡು ಬಿದ್ದಿತ್ತು. ಸರ್ಕಾರದ ಮಾಲು, ಯಾರಾದ್ರೂ ಕದ್ದಾರು ಅಂತ ಗಂಟೆ ಕೋಣೇಲಿಟ್ಟು ಬೀಗ ಹಾಕಿವ್ನಿ. ಯಾರೂ ಕೇಳ್ಕಂಡು ಬರ್ಲಿಲ್ಲ."

ಶ್ರೀನಾಥ್ ಗುಂಡಯ್ಯನ ಕಡೆ ತಿರುಗಿದ.

"ಈಗ ತೆಗಿ," ಎಂದ ಶ್ರೀನಾಥ್.

"ಹೆಂಗೆ ತೆಗೀಲಿ ಸಾರ್? ಕಾವಲುಗಾರ ಗೇಟು ಮುಟ್ಟಂಗಿಲ್ಲ ಅಂತ ಬರ್ದವ್ರೆ."

ಬರೆದವರು ಯಾರೆಂದು ಕೇಳುವ ಅಗತ್ಯವಿರಲಿಲ್ಲ. ನಾಲ್ವರೂ ಚರಂಡಿಯ ಕಡೆ ನೋಡುತ್ತ ನಿಂತರು. ಪಟ್ಟಿಯನ್ನು ಹೊತ್ತು ತರಲು ಈರಮ್ಮನನ್ನು ಕಳುಹಿಸಿದರು. ಕಾರಿನಲ್ಲಿ ಅದನ್ನು ದೂರ ಸಾಗಿಸುವುದೆಂದಾಯಿತು.

ಆಗ ಆಂಥೋನಿ ಗಡಿಯಾರ ನೋಡಿದ. ನಾಲ್ಕು ಹೊಡೆಯುವುದರಲ್ಲಿತ್ತು. ಶ್ರೀನಾಥನ ಮುಂದೆ ಹೋಗಿ ನಿಂತು, "ಅವಳ ವಾಕ್ಯ ಸೇರಿಸ್ತೀರೋ ಇಲ್ವೋ?" ಎಂದು ಕೇಳಿದ. ಜೋರಾಗಿ ಕೇಳಲಿಲ್ಲ.

ಶ್ರೀನಾಥ್ ಬೆವರು ಒರೆಸಿಕೊಂಡ. "ಸೇರಿಸಬಹುದು. ಆದರೆ ಒಮ್ಮೆ ತಿರಸ್ಕರಿಸಿದ್ದನ್ನು ಮತ್ತೆ ಎತ್ತಿಕೊಳ್ಳಬೇಕಾದರೆ ಐವರೂ ಸದಸ್ಯರು ಹಾಜರಿರಬೇಕು. ನಿಯಮ."

"ಐವರೂ ಇದ್ದೀರಲ್ಲ," ಎಂದ ಆಂಥೋನಿ.

ನಾಲ್ವರೂ ವ್ಯಾನಿನ ಕಡೆ ತಿರುಗಿದರು. ಸದಸ್ಯರು ಬದುಕಿರಬೇಕೆಂದು ನಿಯಮದಲ್ಲಿ ಇದೆಯೇ ಎಂದು ಒಬ್ಬ ಮೊಬೈಲಿನಲ್ಲಿ ಹುಡುಕಿದ. ಇರಲಿಲ್ಲ, ಅಂಥದ್ದನ್ನು ಬರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಡ್ರೈವರ್ ವ್ಯಾನಿನ ಹಿಂಬಾಗಿಲು ತೆರೆದ. ಪೆಟ್ಟಿಗೆಯ ಎದುರು ನಾಲ್ವರೂ ಅರ್ಧವೃತ್ತವಾಗಿ ನಿಂತರು. ನಿಖತ್ ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ನಡಾವಳಿ ಬರೆದಳು. ನಾಲ್ಕು ಕೈಗಳು ಮೇಲೆದ್ದವು.

"ಐದಕ್ಕೆ ಐದು ಅಂತ ಬರೆಯಮ್ಮ," ಎಂದ ಶ್ರೀನಾಥ್.

"ಬೇಡ," ಆಂಥೋನಿ ತಡೆದ. "ಅವಳು ಸುಳ್ಳಿಗೆ ಸಹಿ ಹಾಕಿದವಳಲ್ಲ. ಕೈ ಎತ್ತಿದಳು ಅಂತ ಬರೀಬೇಡಿ. ವಿರೋಧ ಮಾಡ್ಲಿಲ್ಲ ಅಂತ ಬರೀರಿ."

ನಿಖತ್ ಹಾಗೆಯೇ ಬರೆದಳು. ಬರೆಯುವಾಗ ಅವಳ ಕಣ್ಣೀರು ಕಾಗದದ ಮೇಲೆ ಬಿತ್ತು. "ಮೇಡಂ ಮೊದಲ ಸಲ ಸುಮ್ಮನಿದ್ದಾರೆ ಅಂಕಲ್," ಎಂದಳು. ನಾಲ್ಕೂ ಹನ್ನೆರಡಕ್ಕೆ ಅವಳ ಮೊಬೈಲಿನಿಂದಲೇ ಅಭಿಪ್ರಾಯ ಸರ್ಕಾರಕ್ಕೆ ಹೋಯಿತು. ತಲುಪಿದೆ ಎಂಬ ಉತ್ತರ ಆ ಕ್ಷಣವೇ ಬಂತು.

ಗೇಟು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಈರಮ್ಮ ತಲೆಯ ಮೇಲೆ ಪಟ್ಟಿ ಹೊತ್ತು ಹತ್ತಿರ ಬರುತ್ತಿದ್ದಂತೆ ಸೈರನ್ ಕೂಗತೊಡಗಿತು. ಅವಳು ಹೆಜ್ಜೆಯಿಟ್ಟಷ್ಟೂ ಅದರ ದನಿ ಏರಿತು. "ಬಾಯಿ ಮುಚ್ಚು, ಸಾವಿನ್ ಮನೆಯೋರು ನಿಂತವ್ರೆ," ಎಂದು ಅವಳು ಅದನ್ನು ಗದರಿಸಿದಳು. ನಿಖತ್ ಪಟ್ಟಿಯನ್ನು ಕಾರಿಗೆ ಹಾಕಿಕೊಂಡು ಬಾಳ್ಳುಪೇಟೆಯ ಕಡೆ ಓಡಿಸಿದಳು. ಆನೆ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಹೆದ್ದಾರಿಯತ್ತ ಬರುತ್ತಿದೆ ಎಂಬ ಎಚ್ಚರಿಕೆ ಎಲ್ಲರ ಫೋನಿಗೂ ಬಂತು. ಬಾಳ್ಳುಪೇಟೆಯಲ್ಲಿ ಅಂಗಡಿಯವರು ಅರ್ಧ ಬಾಗಿಲು ಎಳೆದುಕೊಂಡು ಒಳಗೆ ನಿಂತರೆಂದೂ, ಆನೆ ಬಸ್‌ಸ್ಟ್ಯಾಂಡಿನಲ್ಲಿ ಎಳನೀರು ಕುಡಿದು ಹಣ ಕೊಟ್ಟಿತೆಂದೂ ಗುಂಡಯ್ಯ ಆಮೇಲೆ ಬಹಳ ದಿನ ಹೇಳಿಕೊಂಡು ತಿರುಗಿದ.

ಪಟ್ಟಿ ಒಂದು ಮೈಲಿ ದಾಟಿದೊಡನೆ ಗೇಟು ಸದ್ದಿಲ್ಲದೆ ಮೇಲೆದ್ದಿತು.

ಸಮಾಧಿಯ ಬಳಿ ಫಾದರ್ ತೀರ್ಥ ಚಿಮುಕಿಸಿ ಮುಗಿಸಿದ ಮೇಲೆ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಕೊನೆಯವನು ಆಂಥೋನಿ. ಮೊಣಕಾಲೂರಲು ಅವನಿಗೆ ಆಗದು. ಶ್ರೀನಾಥ್ ತೋಳು ಹಿಡಿದು ಕೂರಿಸಿದ.

"ಹೋಯ್ತು ಕಣೇ, ನಿನ್ನ ವಾಕ್ಯ," ಎಂದು ಆಂಥೋನಿ ಮಣ್ಣಿಗೆ ಹೇಳಿದ. "ಅವರು ಒಪ್ತಾರೋ ಬಿಡ್ತಾರೋ ನನಗೆ ಗೊತ್ತಿಲ್ಲ. ಕಳಿಸಿದ್ದಾಯ್ತು."

ಆಮೇಲೆ ಕಣ್ಣು ಮುಚ್ಚಿದ.

"ಪ್ರಭುವೇ, ನನ್ನ ತಂಗಿಯನ್ನು ನಿನ್ನ ಕೈಗೆ ಒಪ್ಪಿಸುತ್ತಿದ್ದೇನೆ. ಹಠ ಅವಳಿಗೆ ಹುಟ್ಟಿನಿಂದ ಬಂದದ್ದು. ಆ ಹಠವನ್ನು ತನಗಾಗಿ ಎಂದೂ ಬಳಸಲಿಲ್ಲ. ಅವಳ ತಪ್ಪುಗಳನ್ನು ಮನ್ನಿಸು. ಬಹಳ ದಣಿದು ಬಂದಿದ್ದಾಳೆ, ನಿನ್ನ ಬೆಳಕಿನಲ್ಲಿ ಅವಳ ಆತ್ಮಕ್ಕೆ ಶಾಂತಿ ಕೊಡು. ಆಮೆನ್."