ಕಲ್ಲೊಳಗಿನ ನೀರು ಮತ್ತು ನಾಗಮಣಿ ಮೇಡಂ

ನಾಗಮಣಿ ಮೇಡಂ 'ಗೊತ್ತಿಲ್ಲ' ಎನ್ನುವಾಗ ಕತ್ತು ಎತ್ತುತ್ತಾರೆ. ನಮ್ಮಂಥ ಮೇಷ್ಟ್ರುಗಳು ಆ ಮಾತನ್ನು ನೆಲ ನೋಡುತ್ತ, ಕೆಮ್ಮಿನ ಮರೆಯಲ್ಲಿ ಅರ್ಧ ನುಂಗಿಕೊಂಡು ಆಡಿದರೆ, ಅವರು ಕೊನೆಯ ಬೆಂಚಿಗೂ ಮುಟ್ಟುವಂತೆ ಒಂದೊಂದು ಅಕ್ಷರವನ್ನೂ ಬಿಡಿಸಿ ಆಡುತ್ತಾರೆ. ಆಮೇಲೆ ಸೀಮೆಸುಣ್ಣದ ಬೆರಳನ್ನು ಕೋಟಿಗೆ ಒರೆಸಿಕೊಂಡು 'ಇನ್ನೂ ಗೊತ್ತಿಲ್ಲ' ಎಂದು ಸೇರಿಸುತ್ತಾರೆ. ಮದ್ದೂರು ಮಳವಳ್ಳಿಗಳ ನಡುವಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಅವರದು ವಿಜ್ಞಾನ, ನನ್ನದು ಕನ್ನಡ. ವರ್ಷಗಟ್ಟಲೆ ಅಕ್ಕಪಕ್ಕದ ಕುರ್ಚಿಯಲ್ಲಿ ಕೂತವರು ನಾವು.

ಆ ಕೋಟು ಪ್ರಯೋಗಾಲಯದ್ದು. ಒಂದು ಕಾಲಕ್ಕೆ ಬಿಳಿಯದಾಗಿದ್ದಿರಬೇಕು. ಆಮ್ಲ ಬಿದ್ದು ತೂತಾದಲ್ಲೆಲ್ಲ ಹಳೆ ಸೀರೆಯ ತೇಪೆ. ಅದನ್ನೇ ತೊಟ್ಟು ಬಸ್ಸು ಹತ್ತುತ್ತಾರೆ, ಸಂತೆಗೂ ಹೋಗುತ್ತಾರೆ. ಬಲಜೇಬಿನ ತುಂಬ ಕಲ್ಲು. ಆ ಭಾರಕ್ಕೆ ಕೋಟೂ ಬಲಕ್ಕೆ ಜೋತು, ಅವರೂ ಕೊಂಚ ಬಲಕ್ಕೆ ವಾಲಿ, ಆದರೆ ಅಂಚಿಗೆ ಮಾತ್ರ ಸರಿಯದೆ, ರಸ್ತೆಯ ನಟ್ಟನಡುವೆ ದಾಪುಗಾಲು ಹಾಕುತ್ತಾರೆ; ಕಬ್ಬಿನ ಟ್ರ್ಯಾಕ್ಟರಿನವರು ಹಾರ್ನು ಹೊಡೆದು ಸಾಕಾಗಿ ತಾವೇ ಸುತ್ತಿಕೊಂಡು ಹೋಗುತ್ತಾರೆ. "ನಮ್ಮಪ್ಪ ಅಂಚಲ್ಲೇ ನಡ್ದು ನಡ್ದು ಸತ್ತೋದ್ರು ಸಾರ್, ಅವ್ರ ಪಾಲ್ನೂ ನಾನೇ ನಡೀಬೇಕು" ಎಂದು ಒಮ್ಮೆ ಅಂದದ್ದುಂಟು.

ಅವರನ್ನು ಹಿಡಿದ ಪ್ರಶ್ನೆ ಒಂದೇ: ಭೂಮಿಗೆ ನೀರು ಎಲ್ಲಿಂದ ಬಂತು? ನಾಲೆಗೆ ನೀರು ಬಿಟ್ಟ ಸುದ್ದಿ ಕೇಳಿಯೇ ಮದುವೆಯ ಮಾತೆತ್ತುವ ನಮ್ಮ ಸೀಮೆಯಲ್ಲಿ ಹಾಗೆ ಕೇಳಿದರೆ ಮಕ್ಕಳು ಒಕ್ಕೊರಲಿನಿಂದ "ಕಟ್ಟೆಯಿಂದ ಮಿಸ್" ಎನ್ನುತ್ತವೆ. ಕಟ್ಟೆಗೆ? ಹೊಳೆಯಿಂದ. ಹೊಳೆಗೆ? ಮಳೆಯಿಂದ. ಮಳೆಗೆ? ಕಡಲಿಂದ. ಕಡಲಿಗೆ? ಅಲ್ಲಿ ತರಗತಿ ಗಪ್‌ಚಿಪ್ಪಾಗುತ್ತದೆ, ಮೇಡಂ ಮುಖ ಅರಳುತ್ತದೆ. ಧೂಮಕೇತುಗಳು ತಂದವು ಎಂದರು ಕೆಲವರು. ಆದರೆ ಅಳೆದು ನೋಡಿದ ಧೂಮಕೇತುಗಳಲ್ಲಿ ಹೆಚ್ಚಿನವುಗಳ ನೀರು ನಮ್ಮ ಕಡಲಿನ ನೀರಿಗೆ ತಾಳೆಯಾಗಲಿಲ್ಲ. ಕ್ಷುದ್ರಗ್ರಹಗಳಿಂದ ಬಿದ್ದ ಉಲ್ಕೆಗಳು ತಂದವು ಎಂದರು ಇನ್ನು ಕೆಲವರು. ಭೂಮಿ ಯಾವ ಕಲ್ಲುಗಳಿಂದ ಕಟ್ಟಿಕೊಂಡಿತೋ ಅವುಗಳ ಹೊಟ್ಟೆಯಲ್ಲೇ ಇತ್ತು ಎನ್ನುವವರೂ ಇದ್ದಾರೆ. ಬೋರ್ಡಿನ ಮೇಲೆ ಮೂರನ್ನೂ ಬರೆದು, ಕೆಳಗೆ ಉದ್ದ ಗೆರೆ ಎಳೆದು, ಮೇಡಂ ಕತ್ತು ಎತ್ತುತ್ತಾರೆ.

ಕಳೆದ ವರ್ಷ ಈ ಕತ್ತೇ ತೊಂದರೆ ತಂದಿತು. ಕಿರುಪರೀಕ್ಷೆಯಲ್ಲಿ ನಯನ ಎಂಬ ಜಾಣ ಹುಡುಗಿ ಗೈಡಿನಲ್ಲಿದ್ದ ಹಾಗೆ 'ಧೂಮಕೇತುಗಳು ತಂದವು' ಎಂದು ಬರೆದು ಚುಕ್ಕೆ ಇಟ್ಟಳು. ಮೇಡಂ ಅಂಕ ಕಿತ್ತರು. ನಯನಳ ಅಪ್ಪ ಹೊನ್ನಯ್ಯ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ. ತೋಟ, ಆಲೆಮನೆ, ಮೇಲಿನವರ ಪರಿಚಯ ಎಲ್ಲ ಇದ್ದವನು. "ಗೊತ್ತಿಲ್ಲ ಗೊತ್ತಿಲ್ಲ ಅಂತ ಪಾಠ ಮಾಡೋರ್ನ ಇಟ್ಕಂಡು ನಾವೇನ್ ಮಾಡಾವ? ಮಾರ್ಕು ಸರಿ ಮಾಡ್ತೀರೋ, ಗಂಟುಮೂಟೆ ಕಟ್ತೀರೋ?" ಎಂದು ಸ್ಟಾಫ್ ರೂಮಿನ ಬಾಗಿಲಲ್ಲೇ ಕೂಗಾಡಿದ. ಬಾಯಿಮಾತಿನ ಬೆದರಿಕೆಯಲ್ಲ ಅದು. ರಾಯಚೂರಿನ ಕಡೆ ಬಹುಕಾಲ ತಿರುಗಿ, ತಾಯಿ ಪಟ್ಟಲಮ್ಮನ ಮನೆಯಿಂದ ನಡೆದು ಬರುವಷ್ಟು ಹತ್ತಿರಕ್ಕೆ ಮೇಡಂ ಕೆಲವು ವರ್ಷದ ಹಿಂದಷ್ಟೇ ಬಂದು ನೆಲೆ ಕಂಡಿದ್ದರು.

ಸಂಜೆ ನಾನು ಅವರ ಮನೆಗೆ ಹೋದೆ. ಪಟ್ಟಲಮ್ಮ ಅವರೇಕಾಯಿ ಸುಲಿಯುತ್ತ ಮಗಳಿಗೆ ಬುದ್ಧಿ ಹೇಳುತ್ತಿದ್ದರು: "ನಮ್ಮಂತೋರು ಗೊತ್ತಿಲ್ಲ ಅನ್ಬಾರ್ದು ಕಣವ್ವ. ಅವ್ರು ಅಂದ್ರೆ ನಡೀತದೆ. ನಾವಂದ್ರೆ, ಇವ್ಕೆ ಏನ್ ಗೊತ್ತಿತ್ತು ಅಂತ ಓಡುಸ್ಬುಡ್ತಾರೆ." ಮೇಡಂ ಎದ್ದರು. ಕೋಟು ಏರಿಸಿ, "ಬನ್ನಿ ಸಾರ್, ಆಲೆಮನೆಗೆ ಹೋಗಿಬರೋಣ" ಎಂದರು.

ಹೊನ್ನಯ್ಯನ ಆಲೆಮನೆಯಲ್ಲಿ ಕೊಪ್ಪರಿಗೆ ಕುದಿಯುತ್ತಿತ್ತು, ಒಲೆಯ ಬಾಯಿಗೆ ಕಬ್ಬಿನ ಸಿಪ್ಪೆ ತಳ್ಳುತ್ತಿದ್ದರು. ಮೇಡಂ ಜೇಬಿನಿಂದ ಕಾಗೆಬಂಗಾರದ ಜಾತಿಯ ಒಂದು ಹೊಳೆಯುವ ಕಲ್ಲು ತೆಗೆದು, ಸಲಿಕೆಯ ಮೇಲಿಟ್ಟು, ಬೆಂಕಿಗೆ ಹಿಡಿದರು. ಕಲ್ಲು ಮಿಸುಕಾಡಿತು, ಪದರು ಪದರಾಗಿ ಬಿಚ್ಚಿಕೊಂಡು ಉಬ್ಬುತ್ತಲೇ ಹೋಯಿತು. ಕೆಲಸದವರೆಲ್ಲ ಸುತ್ತ ಸೇರಿದರು, ಹೊನ್ನಯ್ಯನೂ ಬಂದು ಬಗ್ಗಿ ನೋಡಿದ.

"ಇದೇನ್ ಮೇಡಮ್ಮೋರೆ, ಪುರಿ ಉಬ್ದಂಗೆ ಉಬ್ತಲ್ಲ ಕಲ್ಲು!" ಹೊನ್ನಯ್ಯನ ಸಿಟ್ಟು ಅಲ್ಲೇ ಇಳಿದುಹೋಗಿತ್ತು.

"ಒಳಗೆ ಸಿಕ್ಕೊಂಡಿದ್ದ ನೀರು ಆವಿಯಾಗಿ ನೂಕ್ತು."

"ಕಲ್ಲೊಳ್ಗೆ ನೀರಾ? ಅಂಗಾದ್ರೆ ಮುಗೀತು ಬುಡಿ! ನೀರು ಕಲ್ಲಿಂದ ಬಂತು. ಅಂಗಂತ ಮಕ್ಕಳ್ಗೆ ಏಳ್ಬುಡಿ, ನಮ್ಮ ನಯನನ ಕೈಲೂ ಅಂಗೇ ಬರ್ಸಿ ಮಾರ್ಕು ಕೊಡಿ. ನಿಮ್ಮ ತಂಟೆಗೆ ಯಾರು ಬತ್ತಾರೋ ನಾ ನೋಡ್ಕತೀನಿ."

ಗೆದ್ದಿರಿ, ತಲೆ ಆಡಿಸಿಬಿಡಿ ತಾಯಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಮೇಡಂ ಕತ್ತು ಎತ್ತಿದರು.

"ಉಬ್ಬಿದ್ದು ಒಂದು ಕಲ್ಲು, ಹೊನ್ನಯ್ಯನೋರೆ. ಭೂಮಿಗೆಲ್ಲ ಹಿಂಗೇ ಬಂತು ಅಂತ ಹೆಂಗೇಳ್ಲಿ? ಇನ್ನೂ ಗೊತ್ತಿಲ್ಲ."

"ಗೊತ್ತಿಲ್ದ್‌ ಮೇಲೆ ಸಂಬ್ಳ ಯಾಕ್ರೀ ತಗತೀರಿ?"

"ಗೊತ್ತಿಲ್ದೇ ಇರೋದ್ನ ಗೊತ್ತು ಅನ್ನಬಾರ್ದು ಅಂತ ಕಲ್ಸೋಕೆ."

ತಿಂಗಳೊಳಗೆ ನಿಯೋಜನೆಯ ಆದೇಶ ಬಂತು, ಜಿಲ್ಲೆಯ ಆ ತುದಿಗೆ, ದುದ್ದದಿಂದಲೂ ಆಚೆ. ಈಗ ಕೋಳಿ ಕೂಗುವ ಹೊತ್ತಿಗೆ ಹೊರಟು, ಮಂಡ್ಯದಲ್ಲಿ ಬಸ್ಸು ಬದಲಿಸಿ, ದೀಪ ಹೊತ್ತಿಸುವ ಹೊತ್ತಿಗೆ ತಾಯಿಯ ಬಳಿಗೆ ಮರಳುತ್ತಾರೆ. ಅಲ್ಲಿನ ಮಕ್ಕಳಿಗೂ ಮೊದಲ ದಿನವೇ ಬೋರ್ಡಿನ ಮೇಲೆ ಮೂರು ಸಾಲು ಬರೆದು ಗೆರೆ ಎಳೆದರಂತೆ.

ಇದು ಬರಿಯ ಹಟ ಎಂದು ಬಹಳ ದಿನ ನನಗೆ ಕೋಪವಿತ್ತು. ಈಗ ಆ ಕೋಪ ಊರಿನ ಕಡೆಗೆ ತಿರುಗಿದೆ. ಉಳ್ಳವನು ಗೊತ್ತಿಲ್ಲ ಎಂದರೆ ನಾವು ಅದನ್ನು ವಿನಯವೆಂದು ಹೊಗಳುತ್ತೇವೆ. ಕೇರಿಯಿಂದ ಬಂದವಳ ಬಾಯಲ್ಲಿ ಅದೇ ಮಾತು ಬಂದರೆ 'ಮೊದಲೇ ಅಂದಿರಲಿಲ್ಲವೇ' ಎನ್ನಲು ಕಾದು ಕೂತಿರುತ್ತೇವೆ. ಹಾಗಾಗಿ ಕೆಳಗಿನಿಂದ ಮೇಲೆ ಬಂದವರು ಅನೇಕರು ಜೀವಮಾನವಿಡೀ ಎಲ್ಲ ಬಲ್ಲವರಂತೆ ಎಚ್ಚರವಾಗಿರಬೇಕಾಗುತ್ತದೆ. ಅವರ ನಡುವೆ ಅಪರೂಪಕ್ಕೆ ಒಬ್ಬರು, ಅನ್ನಕ್ಕೆ ಕುತ್ತು ಬಂದರೂ, ತಮ್ಮ ಪರವಾದ ಸುಳ್ಳನ್ನೂ ಒಲ್ಲೆ ಎನ್ನುತ್ತಾರೆ. ಅಂಥವರನ್ನು ಎಷ್ಟು ದೂರಕ್ಕೆ ಬೇಕಾದರೂ ಅಟ್ಟಬಹುದು, ಬಗ್ಗಿಸಲು ಮಾತ್ರ ಯಾವ ಹೊನ್ನಯ್ಯನಿಂದಲೂ ಆಗುವುದಿಲ್ಲ.