ಗಿರಣಿ ತಿರುವಿನ ಕೆಂಪು ಗೆರೆ

ಊರಿನ ಕಾರ್ ರೇಸಿನ ಟ್ರ್ಯಾಕ್‌ನಲ್ಲಿ, ಗಿರಣಿ ತಿರುವಿಗೆ ಸ್ವಲ್ಪ ಮೊದಲು ಒಂದು ಉಬ್ಬಿದೆ. ಉಳಿದ ಚಾಲಕರೆಲ್ಲ ಉಬ್ಬಿಗೆ ಮೊದಲೇ ಬ್ರೇಕ್ ಒತ್ತುತ್ತಿದ್ದರು. ಅನ್ಸೆಲ್ಮೊ ಇಬಾರ್ಲುಸೆಯಾ ಒಬ್ಬನೇ ಉಬ್ಬು ದಾಟಿದ ಮೇಲೆ ಒತ್ತುತ್ತಿದ್ದ. ಕಾರು ಎಗರದಿರಲೆಂದು ಉಬ್ಬಿನ ಮೇಲೆ ಆಕ್ಸಿಲರೇಟರ್‌ನಿಂದ ಕಾಲನ್ನು ರೆಪ್ಪೆ ಮಿಟುಕಿಸುವಷ್ಟು ಹೊತ್ತು ಸಡಿಲಿಸುತ್ತಿದ್ದ, ಅಷ್ಟೇ. ಅದನ್ನು ಕಲಿಯುವಷ್ಟರಲ್ಲಿ ಎರಡು ಕಾರು ನಜ್ಜುಗುಜ್ಜಾಗಿದ್ದವು, ಒಂದು ಮೊಣಕಾಲು ಕೆಟ್ಟಿತ್ತು. ಬೇಲಿಯಾಚೆ ಮಾಂಸ ಸುಡುತ್ತ ಕೂತ ಜನಕ್ಕೆ ಈ ಕಾಲಿನ ಆಟ ಕಾಣುತ್ತಿರಲಿಲ್ಲ. ಅದು ಗೊತ್ತಿದ್ದದ್ದು ಐಲೆನ್‌ಗೆ.

ಐಲೆನ್ ಅನ್ಸೆಲ್ಮೊನ ಹಳೆಯ ಮೆಕ್ಯಾನಿಕ್‌ನ ಮಗಳು. ಈಗ ತಂಡದ ಡೇಟಾ ನೋಡುವವಳು. ಚಾಲಕನ ಕೈಕಾಲು ಅಲ್ಲಾಡಿದ್ದನ್ನೆಲ್ಲ ಕಾರಿನೊಳಗಿನ ಪೆಟ್ಟಿಗೆ ದಾಖಲಿಸುತ್ತಿತ್ತು, ಅವಳು ಅದನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತಿದ್ದಳು. ಅನ್ಸೆಲ್ಮೊನದು ಕೆಂಪು ಗೆರೆ. ನೀಲಿ ಗೆರೆ ಲೌತಾರೊನದು, ಅಂದರೆ ಮಾಲೀಕ ದೋನ್ ರುಫಿನೊನ ಮಗನದು. ಒಂದರ ಮೇಲೊಂದು ಇಟ್ಟರೆ ನೀಲಿ ಎಲ್ಲಿ ಹಿಂದೆ ಬೀಳುತ್ತಿದೆಯೆಂದು ಕೂಸಿಗೂ ಗೊತ್ತಾಗುತ್ತಿತ್ತು. ತಂಡದೊಳಗೆ ಗುಟ್ಟಿರಬಾರದು ಎಂಬುದು ದೋನ್ ರುಫಿನೊ ಮಾಡಿದ ನಿಯಮ. ಗುಟ್ಟೆಲ್ಲ ಅನ್ಸೆಲ್ಮೊನ ಬಳಿಯೇ ಇದ್ದುದರಿಂದ ಅಪ್ಪ ಮಗನಿಗೆ ಆ ನಿಯಮ ಬಹಳ ಚೆನ್ನಾಗಿ ಒಗ್ಗಿತ್ತು. ಪೆಟ್ಟಿಗೆ ಬಂದದ್ದೇ ಆ ವರ್ಷ, ಹುಡುಗ ಒಂದೊಂದೂರಿನ ತಿರುವುಗಳನ್ನೂ ಕೆಂಪು ಗೆರೆ ನೋಡಿ ಕಲಿತ. ಇನ್ನು ಉಳಿದದ್ದು ಸ್ವಂತ ಊರಿನ ಈ ಕೊನೆಯ ರೇಸು.

ಆ ವಾರವೇ ದೋನ್ ರುಫಿನೊ ಊಟಕ್ಕೆ ಎಲ್ಲರನ್ನೂ ಕೂರಿಸಿಕೊಂಡು, ಬರುವ ವರ್ಷ ತಂಡಕ್ಕೆ ಒಂದೇ ಕಾರು ಅಂದ. ಭಾನುವಾರ ಇಬ್ಬರಲ್ಲಿ ಯಾರು ಮುಂದೆ ಬರುತ್ತಾರೋ ಕಾರು ಅವರದು.

ಅನ್ಸೆಲ್ಮೊನಿಗೆ ವಯಸ್ಸಾಗಿತ್ತು, ಈ ಸೀಟು ಹೋದರೆ ಇನ್ನೊಬ್ಬರು ಕರೆದು ಕೂರಿಸುವ ಮಾತಿಲ್ಲ. ಅದಕ್ಕೇ ಶುಕ್ರವಾರದ ಅಭ್ಯಾಸದಲ್ಲಿ ಅವನೂ ಎಲ್ಲರ ಹಾಗೆ ಉಬ್ಬಿಗೆ ಮೊದಲೇ ಬ್ರೇಕ್ ಒತ್ತಿದ. ನಿಜವಾದ ಕಾಲನ್ನು ಭಾನುವಾರ ತೋರಿಸಿದರಾಯಿತು, ಆಗ ನೋಡಿ ಕಲಿಯಲು ಯಾರಿಗೂ ಪುರುಸೊತ್ತಿರುವುದಿಲ್ಲ ಎಂದು ಲೆಕ್ಕ ಹಾಕಿದ್ದ.

ಐಲೆನ್ ಅವನನ್ನು ಟೈರುಗಳ ಹಿಂದಕ್ಕೆ ಕರೆದಳು. "ಮಾವ, ಹೆದರಿದವ್ನು ಬ್ರೇಕ್ ಮೆತ್ತಗೆ ಒತ್ತುತ್ತಾನೆ. ನೀನು ಗಟ್ಟಿಯಾಗೇ ಒತ್ತಿದ್ದೀಯ, ಬೇಕಂತ ಬೇಗ. ಯಾರ ಕಣ್ಣಿಗೆ ಮಣ್ಣೆರಚ್ತಿದ್ದೀಯ?"

"ನಿನ್ನ ಕಣ್ಣಿಗಂತೂ ಆಗ್ಲಿಲ್ಲ ಬಿಡು. ಬಾಯಿ ಮುಚ್ಕೊಂಡಿರ್ತೀಯ ತಾನೆ?"

"ನಾನಾಗೇ ಹೇಳಲ್ಲ. ಗೆರೆ ತೋರ್ಸು ಅಂದ್ರೆ ಮಾತ್ರ ತೋರಿಸ್ಲೇಬೇಕು. ನಾನು ತಿನ್ನೋ ಅನ್ನ ಅದು."

ದೋನ್ ರುಫಿನೊ ತೋರಿಸು ಅಂದ. ಗೆರೆಯಲ್ಲಿ ಗಟ್ಟಿ ಮೆತ್ತಗೆ ಅವನಿಗೆ ತಿಳಿಯಲಿಲ್ಲ, ಬೇಗ ಅನ್ನುವುದಷ್ಟೇ ತಿಳಿಯಿತು. ಅನ್ಸೆಲ್ಮೊನ ಹೆಗಲ ಮೇಲೆ ಕೈಯಿಟ್ಟು, ಸತ್ತವರ ಮನೆಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದ: "ಹೆದರಿಕೆ ಯಾರನ್ನೂ ಬಿಡಲ್ಲ ಕಣಪ್ಪ. ನಂಗೂ ಬಂದಿತ್ತು, ಕಾರಿಂದ ಇಳಿದು ರೇಸೇ ಬಿಟ್ಟೆ. ಭಾನುವಾರ ನಿನ್ನ ಕಾರಿಗೆ ಬೇರೆಯವರನ್ನ ನೋಡ್ತೀನಿ."

ಅನ್ಸೆಲ್ಮೊನ ಮೈ ಉರಿದುಹೋಯಿತು. ಬಚ್ಚಿಟ್ಟಿದ್ದೆ ಅಂದರೆ ನಿಯಮ ಮುರಿದ ದ್ರೋಹಿ, ಸುಮ್ಮನಿದ್ದರೆ ಹೇಡಿ. ದ್ರೋಹಿ ಅನ್ನಿಸಿಕೊಂಡಾದರೂ ಬದುಕಬಹುದಿತ್ತೇನೋ. ಆದರೆ ಹೇಡಿ ಅನ್ನಿಸಿಕೊಳ್ಳಲಾರದ ಜಾತಿಯೇ ಈ ಚಾಲಕರದು, ಅಲ್ಲೇ ಅವನು ಎಡವಿದ್ದು.

"ನಾಳೆ ಬೆಳಿಗ್ಗೆ ಒಂದು ಸುತ್ತು ಕೊಡಿ, ದೋನ್ ರುಫಿನೊ. ಆಮೇಲೆ ಮಾತಾಡಿ," ಅಂದ.

ಶನಿವಾರ ಬೆಳಿಗ್ಗೆ ಉಬ್ಬು ದಾಟಿ, ಎಂದಿಗಿಂತ ಒಂದು ಕೈ ಮುಂದೆಯೇ ಹೋಗಿ ಬ್ರೇಕ್ ಒತ್ತಿದ. ಆ ಟ್ರ್ಯಾಕ್‌ನಲ್ಲಿ ಅವನು ಅಷ್ಟು ವೇಗವಾಗಿ ಓಡಿಸಿದ್ದೇ ಇಲ್ಲ. ನಗುತ್ತಲೇ ಕಾರಿನಿಂದ ಇಳಿದ. ದೋನ್ ರುಫಿನೊ ಅವನನ್ನು ತಬ್ಬಿ ಎರಡು ಕೆನ್ನೆಗೂ ಮುತ್ತಿಟ್ಟು, "ಕ್ಷಮಿಸು ಕಣಯ್ಯ, ಭಾನುವಾರ ಕಾರು ನಿಂದೇ," ಅಂದ. ಮಾತು ಉಳಿಸಿಕೊಂಡ ಕೂಡ. ಆಮೇಲೆ ಮಗನ ರಟ್ಟೆ ಹಿಡಿದು ಪರದೆಯ ಮುಂದೆ ಕೂರಿಸಿದ.

ಅನ್ಸೆಲ್ಮೊ ಐಲೆನ್ ಬಳಿ ಬಂದು ಮೆಲ್ಲಗೆ ಕೇಳಿದ: "ಇವತ್ತಿನ ಗೆರೆ ಅಳಿಸಿಬಿಡು."

"ಆಗಲ್ಲ ಮಾವ," ಅಂದಳು. ಅವನ ಮುಖ ನೋಡಲಿಲ್ಲ. ಕೆಂಪು ಗೆರೆಯ ಮೇಲೆ ನೀಲಿ ಗೆರೆ ತಂದಿಟ್ಟಳು. ಉಬ್ಬಿನ ಬಳಿ ಕೆಂಪು ಗೆರೆಯಲ್ಲಿ ಸಣ್ಣ ತಗ್ಗೊಂದಿತ್ತು. ಲೌತಾರೊ ಅದರ ಮೇಲೆ ಬೆರಳಿಟ್ಟು, "ಇದೇನಿದು?" ಅಂತ ಕೇಳಿದ. ಐಲೆನ್ ಹೇಳಿದಳು.

ಮಧ್ಯಾಹ್ನವೆಲ್ಲ ಹುಡುಗ ಗಿರಣಿ ತಿರುವನ್ನೇ ಅಭ್ಯಾಸ ಮಾಡಿದ. ಭಾನುವಾರ ಕೊನೆಯ ಸುತ್ತಿನವರೆಗೂ ಅನ್ಸೆಲ್ಮೊ ಮುಂದಿದ್ದ. ಉಬ್ಬು ದಾಟಿ ಅವನು ಬ್ರೇಕ್ ಒತ್ತಿದಾಗ ಪಕ್ಕದಲ್ಲಿ ಬಂದ ಕಾರು ಇನ್ನೂ ಒತ್ತಿರಲಿಲ್ಲ. ಅದು ಲೌತಾರೊನ ಕಾರು. ಒಂದಿಷ್ಟೂ ಎಗರದೆ ದಾಟಿ ಹೋಯಿತು.

ರೇಸು ಮುಗಿದ ಮೇಲೆ ಹುಡುಗ ಬೆವರೊರೆಸಿಕೊಳ್ಳುತ್ತ ಓಡಿ ಬಂದ. ಅವನ ಮುಖದಲ್ಲಿ ಕೊಂಕಿರಲಿಲ್ಲ, ಇದ್ದಿದ್ದರೆ ಅನ್ಸೆಲ್ಮೊ ಒಂದು ಬಾರಿಸಿಯಾದರೂ ಸಮಾಧಾನಪಟ್ಟುಕೊಳ್ಳುತ್ತಿದ್ದ.

"ಮುದುಕಪ್ಪ, ಆ ಕಾಲು ಸಡಿಲ್ಸೋದನ್ನ ನಿಂಗೆ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ."

"ಅಯ್ಯೋ ಪಾಪ," ಅಂದ ಲೌತಾರೊ, ನಿಜವಾಗಿಯೂ ಮರುಗಿ. "ಹಂಗಾದ್ರೆ ನಿಂಗೆ ತುಂಬಾ ದಿನ ಹಿಡಿದಿರ್ಬೇಕು."